ನಾಚಿಕೆಗೆ ಕಟ್ಟಿದ ತೆರಿಗೆ

ಎಲ್ಲರಿಗೂ ನಮಸ್ಕಾರ. ತೆರಿಗೆ ಎಂದ ಕೂಡಲೇ ಅರ್ಧ ಸಭೆ ಆಕಳಿಸುತ್ತದೆ. ಅದಕ್ಕೇ ಕಾಫಿಯಿಂದ ಶುರು ಮಾಡುತ್ತೇನೆ.

2012ರ ಅಕ್ಟೋಬರ್. ಸ್ಟಾರ್‌ಬಕ್ಸ್ ಬ್ರಿಟನ್ನಿಗೆ ಬಂದು 14 ವರ್ಷ ಆಗಿತ್ತು. ಅಷ್ಟರಲ್ಲಿ ವ್ಯಾಪಾರ 300 ಕೋಟಿ ಪೌಂಡಿಗೂ ಜಾಸ್ತಿ. ಕಟ್ಟಿದ ಕಾರ್ಪೊರೇಟ್ ತೆರಿಗೆ 86 ಲಕ್ಷ ಪೌಂಡ್. ರಾಯಿಟರ್ಸ್ ಸುದ್ದಿಸಂಸ್ಥೆ ಈ ಲೆಕ್ಕ ಬಯಲಿಗೆ ತಂದಿತು. ತೆರಿಗೆ ಬೀಳುವುದು ಲಾಭದ ಮೇಲೆ, ವ್ಯಾಪಾರದ ಮೇಲಲ್ಲ, ನಿಜ. ಇಲ್ಲಿ ಲೆಕ್ಕಪರಿಶೋಧಕರು ಯಾರಾದರೂ ಇದ್ದರೆ ದಯವಿಟ್ಟು ಈಗಲೇ ಕೈ ಎತ್ತಬೇಡಿ. ಕಂಪನಿಯೂ ಅದನ್ನೇ ಹೇಳಿತು: ನಮಗೆ ಲಾಭವೇ ಇಲ್ಲ. ಲಾಭವಿಲ್ಲದೆ ವರ್ಷಗಟ್ಟಲೆ ಅಂಗಡಿ ಮೇಲೆ ಅಂಗಡಿ ತೆರೆದರು, ಎಂಥಾ ಧರ್ಮಾತ್ಮರು ನೋಡಿ! ಹೂಡಿಕೆದಾರರ ಮುಂದೆ ಮಾತ್ರ ಅದೇ ವ್ಯಾಪಾರ ಚೆನ್ನಾಗಿದೆ ಎನ್ನುತ್ತಿದ್ದರು.

ಹಾಗಾದರೆ ಲಾಭ ಎಲ್ಲಿ ಹೋಯಿತು? ಹೆಸರು ಬಳಸಿದ್ದಕ್ಕೆ ನೆದರ್ಲೆಂಡ್ಸ್‌ನಲ್ಲಿದ್ದ ತನ್ನದೇ ಕಂಪನಿಗೆ ರಾಯಲ್ಟಿ. ಬೀಜ ಕೊಂಡದ್ದು ಸ್ವಿಟ್ಜರ್ಲೆಂಡಿನಲ್ಲಿದ್ದ ತನ್ನದೇ ಕಂಪನಿಯಿಂದ. ಸಾಲದ ಬಡ್ಡಿಯೂ ಒಳಗೊಳಗೇ. ಎಡಗೈ ಬಲಗೈಗೆ ಬಿಲ್ ಬರೆಯುತ್ತಾ ಹೋಯಿತು, ಬ್ರಿಟನ್ನಿನ ಲಾಭ ಖರ್ಚಿನಲ್ಲಿ ಕರಗುತ್ತಾ ಹೋಯಿತು. ಎಲ್ಲವೂ ಕಾನೂನಿನ ಪ್ರಕಾರವೇ!

ನವೆಂಬರಿನಲ್ಲಿ ಸ್ಟಾರ್‌ಬಕ್ಸ್, ಅಮೆಜಾನ್, ಗೂಗಲ್ ಮೂವರನ್ನೂ ಸಂಸತ್ತಿನ ಸಮಿತಿ ಕರೆಸಿತು. ಅಧ್ಯಕ್ಷೆ ಮಾರ್ಗರೆಟ್ ಹಾಡ್ಜ್ ಅಂದರು: ನೀವು ಕಾನೂನು ಮುರಿದಿರಿ ಎನ್ನುತ್ತಿಲ್ಲ, ಅನೀತಿ ಮಾಡಿದಿರಿ ಎನ್ನುತ್ತಿದ್ದೇವೆ. ಡಿಸೆಂಬರಿನಲ್ಲಿ, ಸರ್ಕಾರದ ಖರ್ಚು ಕಡಿತದ ವಿರುದ್ಧ ಹೋರಾಡುತ್ತಿದ್ದ ಗುಂಪಾದ ಯುಕೆ ಅನ್‌ಕಟ್‌ನವರು ಕಾಫಿ ಅಂಗಡಿಗಳಿಗೇ ನುಗ್ಗಿ ಶಿಶುವಿಹಾರ ನಡೆಸಿದರು. ಸರ್ಕಾರ ದುಡ್ಡಿಲ್ಲ ಎಂದು ಕತ್ತರಿ ಹಾಕುತ್ತಿದ್ದದ್ದು ಇಂಥ ಸೇವೆಗಳಿಗೇ ಅಲ್ವಾ? ಈ ಪ್ರತಿಭಟನೆಗೆ ಎರಡು ದಿನ ಮೊದಲೇ ಸ್ಟಾರ್‌ಬಕ್ಸ್ ಬಗ್ಗಿತ್ತು. ಲಾಭ ಬರಲಿ ಬಿಡಲಿ, ಎರಡು ವರ್ಷದಲ್ಲಿ ಸುಮಾರು 2 ಕೋಟಿ ಪೌಂಡ್ ಕಟ್ಟುತ್ತೇವೆ ಎಂದಿತು.

ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನಗೆ ಕೈ ಬರುವುದಿಲ್ಲ. ನಾಚಿಕೆಗೆ ಕಟ್ಟಿದ್ದು ತೆರಿಗೆಯಲ್ಲ, ದಾನ. ಎಷ್ಟು ಕೊಡಬೇಕು ಎಂದು ಕೊಡುವವನೇ ತೀರ್ಮಾನಿಸಿದರೆ ಅದಕ್ಕೆ ಬೇರೆ ಹೆಸರಿಲ್ಲ. ಇನ್ನೊಂದು ಮಾತು. ಕಾಫಿ ಅಂಗಡಿಗೆ ಬೀದಿಯಲ್ಲಿ ಬೋರ್ಡ್ ಇದೆ, ಅದರ ಮುಂದೆ ನಿಂತು ಕೂಗಬಹುದು. ಕಂಪನಿಗಳಿಗಷ್ಟೇ ಮಾಲು ಮಾರುವ ಕಂಪನಿಯ ಹೆಸರೇ ನಮಗೆ ಗೊತ್ತಿರುವುದಿಲ್ಲ. ಅದರ ಮುಂದೆ ಎಲ್ಲಿ ನಿಂತು ಕೂಗೋಣ?

ಹಾಗಂತ ಕೂಗಿದ್ದು ಸುಮ್ನೆ ಹೋಗಲಿಲ್ಲ. 2015ರಲ್ಲಿ ಬ್ರಿಟನ್ ಹೊರಗೆ ಸಾಗಿಸಿದ ಲಾಭಕ್ಕೆ ಶೇ 25ರ ತೆರಿಗೆ ತಂದಿತು. 2021ರಲ್ಲಿ 136 ದೇಶಗಳು ದೊಡ್ಡ ಕಂಪನಿಗಳಿಗೆ ಕನಿಷ್ಠ ಶೇ 15 ತೆರಿಗೆ ಎಂದು ಒಪ್ಪಿದವು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ, ಅದು ಬೇರೆ.

ಸಮಯ ಮುಗಿಯಿತು ಎಂಬ ಚೀಟಿ ಬಂತು. ಐರ್ಲೆಂಡಿಗೆ ಆ್ಯಪಲ್ ಕಟ್ಟಬೇಕಾಗಿ ಬಂದ 1,300 ಕೋಟಿ ಯೂರೋ ಹಳೆ ತೆರಿಗೆಯ ಕತೆ ಹೇಳಬೇಕಿತ್ತು. 2016ರಲ್ಲಿ ಯುರೋಪಿಯನ್ ಆಯೋಗ ಕೊಟ್ಟ ಆದೇಶ, 2024ರಲ್ಲಿ ಯುರೋಪಿಯನ್ ಒಕ್ಕೂಟದ ಕೋರ್ಟ್ ಎತ್ತಿಹಿಡಿಯಿತು. ಇರಲಿ. ಯಾವ ದೇಶದಲ್ಲಿ ಎಷ್ಟು ವ್ಯಾಪಾರ, ಎಷ್ಟು ನೌಕರರು, ಎಷ್ಟು ಲಾಭ, ಎಷ್ಟು ತೆರಿಗೆ ಎಂದು ಪ್ರತಿ ಕಂಪನಿಯೂ ಬಹಿರಂಗವಾಗಿ ಹೇಳಲೇಬೇಕು ಎಂಬ ಕಾನೂನು ಕೇಳಿ. ಕಂಪನಿಯನ್ನಲ್ಲ, ನೀವು ಆರಿಸಿ ಕಳಿಸಿದವರನ್ನು ಕೇಳಿ. ದಾನ ನಮಗೆ ಬೇಡ.

ಲೆಕ್ಕಪರಿಶೋಧಕರು ಈಗ ಕೈ ಎತ್ತಬಹುದು.