ಉಬ್ಬರ ಇಳಿದ ಮೇಲೆ ಬರೋ ವಿಮಾನ

ಎಲ್ರಿಗೂ ನಮಸ್ಕಾರ.

ನಮ್ಮಜ್ಜಿ ಮನೆ ಇದ್ದಿದ್ದು ಒಂದು ಕುದ್ರುವಿನಲ್ಲಿ. ಕುದ್ರು ಅಂದ್ರೆ ಕರಾವಳಿಯವ್ರಿಗೆ ಗೊತ್ತು, ಹೊಳೆ ಮಧ್ಯ ಇರೋ ನಡುಗಡ್ಡೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರೀತಿದ್ರೆ ದೋಣಿ ಬಿಡ್ತಿರ್ಲಿಲ್ಲ, ಆಚೆ ದಡದ ಬಸ್ ಸ್ಟಾಪು ಕಣ್ಣಿಗೆ ಕಾಣ್ತಿತ್ತು, ಬಸ್ಸು ಬಂದು ನಿಂತು ಹೋಗೋದೂ ಕಾಣ್ತಿತ್ತು, ಆದ್ರೆ ಹೋಗಿ ಹತ್ತೋಕಾಗ್ತಿರ್ಲಿಲ್ಲ. ಅಜ್ಜಿಗೆ ಜ್ವರ ಬಂದ್ರೂ ಅಷ್ಟೆ, ನೀರು ಇಳೀಲಿ ಅಂತ ಕಾಯ್ತಾ ಕೂರ್ಬೇಕು. ಅದಕ್ಕೇ ಇರ್ಬೇಕು, ದ್ವೀಪದ ಜನರ ಸುದ್ದಿ ಎಲ್ಲೇ ಕಂಡ್ರೂ ನಾನು ಬಿಡದೆ ಓದ್ತೀನಿ.

ಈವತ್ತು ಹೇಳೋಕೆ ಹೊರಟಿರೋದು ಸ್ಕಾಟ್ಲೆಂಡಿನ ವಿಷ್ಯ. ಅದರ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಮುದ್ರದಲ್ಲಿ ಬಾರಾ ಅಂತ ಒಂದು ದ್ವೀಪ ಇದೆ, ಜನ ಸುಮಾರು 1,200. ಗ್ಲಾಸ್ಗೋ ಊರಿಂದ ಅಲ್ಲಿಗೆ ಟ್ವಿನ್ ಆಟರ್ ಅನ್ನೋ 19 ಸೀಟಿನ ಪುಟ್ಟ ವಿಮಾನ ಹೋಗುತ್ತೆ, ಹೋಗಿ ಇಳಿಯೋದು ಎಲ್ಲಿ ಅಂದ್ರೆ ಸಮುದ್ರದ ದಂಡೆಯ ಮರಳಲ್ಲಿ! 1936ರಿಂದ ಹೀಗೇ ನಡೀತಿದೆ. ಮೂರು ರನ್‌ವೇ ಇವೆ, ಗುರುತಿಗೆ ಅಂತ ತುದೀಲಿ ಮರದ ಕಂಬ ನೆಟ್ಟಿದ್ದಾರೆ ಅಷ್ಟೆ, ಉಬ್ಬರ ಬಂದಾಗ ಮೂರೂ ನೀರಿನ ಕೆಳಗೆ. ಹಾಗಾಗಿ ಅಲ್ಲಿ ವಿಮಾನದ ಟೈಮ್ ಟೇಬಲ್ಲನ್ನ ಉಬ್ಬರ ಇಳಿತ ನೋಡ್ಕೊಂಡೇ ಬರೀತಾರೆ. ನೀರು ಇಳಿದ ಹೊತ್ತಲ್ಲಿ ಊರವ್ರು ಅದೇ ಮರಳಲ್ಲಿ ಚಿಪ್ಪು ಹೆಕ್ತಾರೆ, ನಮ್ಮಲ್ಲಿ ಮರುವಾಯಿ ಹೆಕ್ಕಲ್ವಾ, ಹಾಗೆ. ಗಾಳಿ ದಿಕ್ಕು ತೋರಿಸೋ ಗಾಳಿಚೀಲ ಏರಿಸಿದ್ರೆ ವಿಮಾನ ಬರೋ ಹೊತ್ತು, ಎಲ್ರೂ ದೂರ ಸರೀಬೇಕು. ರಾತ್ರಿ ಯಾರಿಗಾದ್ರೂ ಸೀರಿಯಸ್ ಆಗಿ ತುರ್ತು ವಿಮಾನ ಬರೋದಾದ್ರೆ ದಂಡೇಲಿ ವಾಹನ ನಿಲ್ಸಿ ಅವುಗಳ ಹೆಡ್‌ಲೈಟ್ ಬೆಳಕಲ್ಲಿ ಇಳಿಸ್ತಾರೆ.

ವಿಮಾನ ಬೇಡ ಅಂದ್ರೆ ಏನು ಗತಿ? ಗ್ಲಾಸ್ಗೋದಿಂದ ಓಬನ್ ಅನ್ನೋ ಬಂದರಿಗೆ ರಸ್ತೇಲಿ ಹೋಗ್ಬೇಕು, ಅಲ್ಲಿಂದ ಹಡಗಲ್ಲಿ ನಾಲ್ಕೂವರೆ ಐದು ತಾಸು, ಅದೂ ಸಮುದ್ರ ಸುಮ್ಮನಿದ್ರೆ. ವಿಮಾನದಲ್ಲಾದ್ರೆ ಒಂದೂಕಾಲು ತಾಸು ಸಾಕು. ಆದ್ರೆ 19 ಸೀಟಿನ ವಿಮಾನದಿಂದ, 1,200 ಜನರ ಊರಿಂದ ಯಾವ ಕಂಪನಿಗೂ ಲಾಭ ಗಿಟ್ಟಲ್ಲ, ಟಿಕೆಟ್ ರೇಟಲ್ಲೇ ಎಲ್ಲ ಖರ್ಚು ಎತ್ತೋಕೆ ಹೋದ್ರೆ ಹತ್ತೋರೇ ಇರಲ್ಲ. ಅದಕ್ಕೆ ಈ ವಿಮಾನದ ನಷ್ಟ ತುಂಬೋದು ಸ್ಕಾಟ್ಲೆಂಡ್ ಸರ್ಕಾರ. ಇದನ್ನ ಪಬ್ಲಿಕ್ ಸರ್ವೀಸ್ ಆಬ್ಲಿಗೇಶನ್, ಅಂದ್ರೆ ಜನಸೇವೆಯ ಹೊಣೆ ಅಂತಾರೆ, ಯುರೋಪಿನವ್ರು 1992ರಲ್ಲಿ ವಿಮಾನ ಮಾರ್ಗಗಳನ್ನೆಲ್ಲ ಮುಕ್ತ ಮಾಡಿದಾಗ ಇಂಥ ಊರುಗಳು ಕೈಬಿಟ್ಟು ಹೋಗ್ಬಾರ್ದು ಅಂತ ಕಾನೂನಲ್ಲೇ ಇದಕ್ಕೆ ಜಾಗ ಇಟ್ರು. ವಾರಕ್ಕೆ ಎಷ್ಟು ಸಲ ಹೋಗ್ಬೇಕು, ಎಷ್ಟು ಸೀಟು, ಟಿಕೆಟ್ ಎಷ್ಟರ ಮೇಲೆ ಹೋಗ್ಬಾರ್ದು ಅಂತ ಸರ್ಕಾರ ಮೊದ್ಲೇ ಹೇಳುತ್ತೆ, ಆಮೇಲೆ ಟೆಂಡರ್ ಕರೆಯುತ್ತೆ, ಗೆದ್ದ ಕಂಪನಿಗೆ ಕೆಲವು ವರ್ಷದ ಕರಾರು. ಕರಾರು ಮುಗಿದ್ರೆ ಮತ್ತೆ ಟೆಂಡರ್. ಟೈರೀ ದ್ವೀಪಕ್ಕೂ ಹೀಗೇ.

ಇದೇನು ಹೊಸದು ಅನ್ನಿಸ್ಬೇಡಿ, ನಮ್ಮ ಕೆಂಪು ಬಸ್ಸು ಮಾಡ್ತಿರೋದೂ ಇದೇ ಅಲ್ವಾ. ಘಟ್ಟದ ಕೊನೇ ಹಳ್ಳಿಗೆ ರಾತ್ರಿ ಹೋಗಿ ಅಲ್ಲೇ ಹಾಲ್ಟ್ ಮಾಡಿ ಬೆಳಿಗ್ಗೆ ಆರಕ್ಕೆ ನಾಲ್ಕು ಜನ ಕೂರಿಸ್ಕೊಂಡು ಹೊರಡೋ ಬಸ್ಸಿಗೆ ಡೀಸಲ್ ಖರ್ಚೂ ಹುಟ್ಟಲ್ಲ, ಆದ್ರೂ ಅದು ಹೋಗ್ಲೇಬೇಕು, ಯಾಕಂದ್ರೆ ಆ ನಾಲ್ಕು ಜನರಲ್ಲಿ ಒಬ್ಳು ಕಾಲೇಜಿಗೆ ಹೋಗೋ ಹುಡುಗಿ ಇರ್ತಾಳೆ.

ಈಗ ಉತ್ತರಕ್ಕೆ ಹೋಗೋಣ, ಆರ್ಕ್ನಿ ದ್ವೀಪಗಳಿಗೆ. ಅಲ್ಲಿ ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇ ಅನ್ನೋ ಪಕ್ಕದ ದ್ವೀಪಕ್ಕೆ ಒಂದು ವಿಮಾನ ಇದೆ, ದೂರ ಬರೀ 2.7 ಕಿಲೋಮೀಟರ್, ಟೈಮ್ ಟೇಬಲ್ಲಲ್ಲಿ ಎರಡು ನಿಮಿಷ ಅಂತ ಹಾಕಿರ್ತಾರೆ, ಒಂದ್ಸಲ 53 ಸೆಕೆಂಡಿಗೇ ಮುಟ್ಟಿದ ದಾಖಲೆನೂ ಇದೆ. ಪ್ರಪಂಚದ ಅತಿ ಚಿಕ್ಕ ವಿಮಾನ ಪ್ರಯಾಣ ಅಂತ ಎಲ್ರೂ ಇದನ್ನ ಕ್ವಿಜ್ ಪ್ರಶ್ನೆ ಮಾಡ್ಕೊಂಡಿದ್ದಾರೆ, ನನಗೆ ಅದು ಬೇಜಾರು. ಯಾಕಂದ್ರೆ 1967ರಿಂದ ಓಡ್ತಿರೋ ಈ ವಿಮಾನ ಕರ್ಕೊಂಡು ಹೋಗೋದು ಯಾರನ್ನ ಅಂತ ಯಾರೂ ಕೇಳಲ್ಲ. ಎಂಟು ಪ್ರಯಾಣಿಕರು ಕೂರೋ ಆ ಐಲ್ಯಾಂಡರ್ ವಿಮಾನದಲ್ಲಿ ಮೇಷ್ಟ್ರು, ಡಾಕ್ಟ್ರು, ದೊಡ್ಡ ಊರು ಕರ್ಕ್‌ವಾಲ್‌ಗೆ ಆಸ್ಪತ್ರೆಗೆ ಹೊರಟ ಮುದುಕ್ರು ಇರ್ತಾರೆ, ಅಂಚೆನೂ ಅದ್ರಲ್ಲೇ ಬರುತ್ತೆ. ಪಾಪಾ ವೆಸ್ಟ್ರೇ ದ್ವೀಪದಲ್ಲಿರೋದು ಸುಮಾರು 90 ಜನ. 90 ಜನಕ್ಕೆ ವಿಮಾನ ಯಾಕೆ ಅಂತ ಕೇಳ್ಬಹುದು. ಅಲ್ಲಿ ನ್ಯಾಪ್ ಆಫ್ ಹೌವರ್ ಅಂತ ಐದು ಸಾವಿರ ವರ್ಷಕ್ಕೂ ಹಳೇ ಕಲ್ಲಿನ ಮನೆ ಈಗ್ಲೂ ನಿಂತಿದೆ, ಅಷ್ಟು ಕಾಲದಿಂದ ಮನುಷ್ಯ ಬಾಳಿದ ನೆಲ ಅದು, ನಮ್ಮ ಕಾಲದಲ್ಲಿ ಖಾಲಿ ಮಾಡಿಸೋದಾ?

ಖಾಲಿ ಆಗೋದು ಅಂದ್ರೆ ಸುಮ್ನೆ ಹೆದರಿಸೋ ಮಾತಲ್ಲ. ಸೇಂಟ್ ಕಿಲ್ಡಾ ಅಂತ ಅದೇ ಸ್ಕಾಟ್ಲೆಂಡಿನ ದೂರದ ದ್ವೀಪ, ಚಳಿಗಾಲದಲ್ಲಿ ತಿಂಗಳುಗಟ್ಲೆ ಹೊರಗಿನ ಸಂಪರ್ಕನೇ ಇರ್ತಿರ್ಲಿಲ್ಲ, ಕಡೆಗೆ ಉಳಿದಿದ್ದ 36 ಜನ ತಾವೇ ಸರ್ಕಾರಕ್ಕೆ ಅರ್ಜಿ ಬರೆದು ನಮ್ಮನ್ನ ಇಲ್ಲಿಂದ ಕರ್ಕೊಂಡು ಹೋಗಿ ಅಂದ್ರು, 1930ರ ಆಗಸ್ಟ್ 29ಕ್ಕೆ ಹಡಗು ಹತ್ತಿ ಹೊರಟೇ ಹೋದ್ರು. ಆ ಮನೆಗಳಲ್ಲಿ ಹೆಚ್ಚಿನವು ಇವತ್ತಿಗೂ ಚಾವಣಿ ಇಲ್ಲದೆ ನಿಂತಿವೆ.

ಅದಾಗಿ ಮೂರೇ ವರ್ಷಕ್ಕೆ, 1933ರ ಮೇ ತಿಂಗಳಲ್ಲಿ, ಐಲಾ ಅನ್ನೋ ದ್ವೀಪದಿಂದ ಹೊಟ್ಟೆನೋವಲ್ಲಿ ಸಾಯೋ ಸ್ಥಿತೀಲಿದ್ದ ಒಬ್ಬ ಮೀನುಗಾರನನ್ನ ವಿಮಾನದಲ್ಲಿ ಗ್ಲಾಸ್ಗೋಗೆ ಸಾಗಿಸಿದ್ರು, ಸ್ಕಾಟ್ಲೆಂಡಿನ ಏರ್ ಆಂಬುಲೆನ್ಸ್ ಶುರುವಾಗಿದ್ದು ಅಲ್ಲಿಂದ. ಗ್ಲಾಸ್ಗೋದ ನರ್ಸ್‌ಗಳು ತಾವಾಗೇ ಮುಂದೆ ಬಂದು ಆ ವಿಮಾನಗಳಲ್ಲಿ ಹೋಗ್ತಿದ್ರು. 1957ರ ಸೆಪ್ಟೆಂಬರ್ 28ರ ರಾತ್ರಿ ಅದೇ ಐಲಾಗೆ ರೋಗಿಯನ್ನ ಕರೆತರೋಕೆ ಹೋದ ವಿಮಾನ ಕೆಟ್ಟ ಹವೆಯಲ್ಲಿ ಬಿದ್ದು ಮೂವರು ತೀರ್ಕೊಂಡ್ರು, ಅದ್ರಲ್ಲಿ ಜೀನ್ ಕೆನೆಡಿ ಅನ್ನೋ ನರ್ಸ್ ಒಬ್ರು. ಮುಂದೆ ಒಂದು ಐಲ್ಯಾಂಡರ್ ವಿಮಾನಕ್ಕೆ ಅವ್ರ ಹೆಸರಿಟ್ರು. ಸಬ್ಸಿಡಿ ಲೆಕ್ಕ ಮಾತಾಡೋವಾಗ ಈ ಹೆಸರನ್ನೂ ನೆನೀಬೇಕು ಅಂತ ನನ್ನ ಆಸೆ.

ಇಷ್ಟು ದೂರದ್ದು ಯಾಕೆ ಹೇಳ್ತಿದೀನಿ ಅಂದ್ರೆ ನಮ್ಮ ಮಂಗಳೂರಿಂದ ಪಡುವಣಕ್ಕೆ ಲಕ್ಷದ್ವೀಪ ಇದೆಯಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪ 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೇಲೇ ಇದ್ವು. ಆ ಜನ ತೆಂಗಿನ ನಾರಿನ ಹಗ್ಗ ತಂದು ಅಕ್ಕಿ ತಗೊಂಡು ಹೋಗ್ತಿದ್ದಿದ್ದು ಮಂಗಳೂರಿಂದ, ಈಗ್ಲೂ ಹಳೇ ಬಂದರಿಂದ ಮಂಜಿ ಅನ್ನೋ ಸರಕು ದೋಣಿಗಳಲ್ಲಿ ಅವ್ರಿಗೆ ಸಾಮಾನು ಹೋಗುತ್ತೆ. ಇಡೀ ಲಕ್ಷದ್ವೀಪದಲ್ಲಿ ಜನ ಇರೋ ದ್ವೀಪ 10, ವಿಮಾನ ನಿಲ್ದಾಣ ಮಾತ್ರ ಒಂದೇ, ಅಗತ್ತಿ. ಉಳಿದೋರಿಗೆ ಹಡಗು, ತೀರಾ ಸೀರಿಯಸ್ ಆದ್ರೆ ಹೆಲಿಕಾಪ್ಟರ್.

ಸಣ್ಣ ಊರುಗಳ ವಿಮಾನಕ್ಕೆ ಸಹಾಯಧನ ಕೊಡೋ ಉಡಾನ್ ಅಂತ ಕೇಂದ್ರದ ಸ್ಕೀಮು ಬಂತು, ಮೊದಲ ವಿಮಾನ 2017ರ ಏಪ್ರಿಲಲ್ಲಿ ಶಿಮ್ಲಾದಿಂದ ಹಾರ್ತು, ಒಳ್ಳೇ ಕೆಲ್ಸನೇ. ಆದ್ರೆ ಆ ಸಹಾಯಧನದ ಲೆಕ್ಕ ಒಂದು ಮಾರ್ಗಕ್ಕೆ ಮೂರು ವರ್ಷ, ಅಷ್ಟರಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಲಿ ಅಂತ. ಹುಬ್ಬಳ್ಳಿಗೆ ಮೈಸೂರಿಗೆ ಆ ಮಾತು ಸರಿ ಇರ್ಬಹುದು, ಬೆಳೆಯೋ ಊರುಗಳು. ಆದ್ರೆ ಮೂರು ವರ್ಷ ಆಯ್ತು ಅಂತ ದ್ವೀಪ ದಡಕ್ಕೆ ಹತ್ತಿರ ಬರಲ್ವಲ್ಲ! ಬಿತ್ರದಲ್ಲಿ 2011ರ ಗಣತೀಲಿ ಇದ್ದಿದ್ದು 271 ಜನ, ಅಲ್ಲಿ ಯಾವ ಮಾರ್ಗ ಯಾವ ಕಾಲ ಮೇಲೆ ನಿಲ್ಲುತ್ತೆ? ರಸ್ತೆಗೆ ಸೇತುವೆಗೆ ವರ್ಷ ವರ್ಷ ದುಡ್ಡಿಡೋ ಹಾಗೆ ದ್ವೀಪದವ್ರ ವಿಮಾನಕ್ಕೆ ಹೆಲಿಕಾಪ್ಟರಿಗೆ ಬಜೆಟ್ಟಲ್ಲಿ ಖಾಯಂ ದುಡ್ಡಿಡ್ಬೇಕು. ಟೂರಿಸ್ಟ್‌ಗಳು ಎಷ್ಟು ಬಂದ್ರು ಅಂತ ನೋಡಿ ಸರ್ವೀಸು ಕೊಡೋದಲ್ಲ, ಜೂನ್ ತಿಂಗಳ ಮಳೇಲಿ ಟೂರಿಸ್ಟ್ ಒಬ್ರೂ ಇರಲ್ಲ, ಆದ್ರೆ ಬಿತ್ರದಲ್ಲಿ ಹೆರಿಗೆ ನೋವು ಜೂನಲ್ಲೂ ಬರುತ್ತೆ.

ಇಷ್ಟು ಹೇಳೋದಿತ್ತು. ನಮಸ್ಕಾರ.