ಆಂಟಿಬಯಾಟಿಕ್‌ಗೆ ಸಾಯದ ಯೀಸ್ಟ್: ಮಕ್ಕಳ ಹೊಟ್ಟೆಗೆ ಇದು ಯಾವಾಗ ಬೇಕು?

[ದೃಶ್ಯ: ಅರ್ಧ ಖಾಲಿಯಾದ ಸಿರಪ್ ಬಾಟಲಿ, ಪಕ್ಕದಲ್ಲಿ ಒಂದು ಪುಡಿ ಸ್ಯಾಶೆ]

ಮಗುವಿಗೆ ಕಿವಿ ನೋವು. ಡಾಕ್ಟರ್ ಆಂಟಿಬಯಾಟಿಕ್ ಬರೆದುಕೊಟ್ಟರು. ಮೂರನೇ ದಿನಕ್ಕೆ ಕಿವಿ ಸರಿಹೋಯಿತು, ಆದರೆ ಭೇದಿ ಶುರುವಾಯಿತು. ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ, ಅಲ್ವಾ?

ಕಿವಿಯಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ಯಾವುದು, ಕರುಳಿನಲ್ಲಿ ನಮಗಾಗಿ ದುಡಿಯುವ ಬ್ಯಾಕ್ಟೀರಿಯಾ ಯಾವುದು ಅಂತ ಆಂಟಿಬಯಾಟಿಕ್‌ಗೆ ಗೊತ್ತಾಗುವುದಿಲ್ಲ. ಎರಡನ್ನೂ ಕೊಲ್ಲುತ್ತದೆ. ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದಾಗಲಿ ಎಂದು ಕೊಡುವ ಜೀವಂತ ಸೂಕ್ಷ್ಮಜೀವಿಗಳು, ನಿಜವಾಗಿ ಕೈ ಹಿಡಿಯುವುದು ಇಲ್ಲೇ. 2019ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು 33 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪ್ರೋಬಯಾಟಿಕ್ ಇಲ್ಲದೆ ಆಂಟಿಬಯಾಟಿಕ್ ತೆಗೆದುಕೊಂಡ 100 ಮಕ್ಕಳಲ್ಲಿ 19 ಮಂದಿಗೆ ಭೇದಿ. ಪ್ರೋಬಯಾಟಿಕ್ ಜೊತೆಗಿದ್ದವರಲ್ಲಿ 8 ಮಂದಿಗೆ.

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ದುಂಡಗಿನ ಯೀಸ್ಟ್ ಕಣಗಳು]

ಈಗ ಪ್ರೋಬಯಾಟಿಕ್ ಆಗಿ ಸ್ಯಾಶೆಯಲ್ಲಿ ಸಿಗುವ ಯೀಸ್ಟ್ ವಿಷಯ. ನನಗೆ ತುಂಬಾ ಇಷ್ಟವಾದ ಕಥೆ ಇದು. 1920ರ ದಶಕದಲ್ಲಿ ಆನ್ರಿ ಬುಲಾರ್ ಎಂಬ ಫ್ರೆಂಚ್ ವಿಜ್ಞಾನಿ ಇಂಡೋಚೈನಾದಲ್ಲಿದ್ದರು. ಅಲ್ಲಿ ಕಾಲರಾ ಹರಡಿತ್ತು. ಜನ ಲಿಚಿ ಮತ್ತು ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿದು ಭೇದಿಯನ್ನು ಹತೋಟಿಗೆ ತರುತ್ತಿದ್ದುದನ್ನು ಅವರು ಗಮನಿಸಿದರು. ಆ ಹಣ್ಣುಗಳಿಂದ ಬೇರ್ಪಡಿಸಿದ ಯೀಸ್ಟೇ ಸ್ಯಾಕರೊಮೈಸಿಸ್ ಬುಲಾರ್ಡಿ. ನಮ್ಮ ಮೈಯ ಬಿಸಿ, ಅಂದರೆ 37 ಡಿಗ್ರಿ, ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲ, ಅದು ಶಿಲೀಂಧ್ರ, ಅಂದರೆ ಫಂಗಸ್. ಹಾಗಾಗಿ ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಆದರೆ ಆಂಟಿಬಯಾಟಿಕ್ ಕೊಟ್ಟು ಎರಡು ಗಂಟೆಯಾದರೂ ಬಿಟ್ಟು ಕೊಡಬೇಕು. ಯೀಸ್ಟ್‌ಗೆ ಆ ಲೆಕ್ಕ ಬೇಡ. ಆದರೆ ಫಂಗಸ್ ಕೊಲ್ಲುವ ಔಷಧಿ ಕೊಡುತ್ತಿದ್ದರೆ ಈ ಯೀಸ್ಟ್ ಕೂಡ ಸಾಯುತ್ತದೆ. ಕುದಿಯುವಷ್ಟು ಬಿಸಿಯಾದ ಹಾಲಿಗೆ ಹಾಕಿದರೂ ಅಷ್ಟೇ.

ಹಾಗಂತ ಯಾವ ಭೇದಿಗಾದರೂ ಸ್ಯಾಶೆ ಸಾಕು ಅಂದುಕೊಳ್ಳಬೇಡಿ. 2018ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಎರಡು ದೊಡ್ಡ ಪರೀಕ್ಷೆಗಳು ನಡೆದವು. ವಾಂತಿ-ಭೇದಿ ಆಗುತ್ತಿದ್ದ ಪುಟ್ಟ ಮಕ್ಕಳಿಗೆ ಹೆಸರುವಾಸಿ ಬ್ಯಾಕ್ಟೀರಿಯಾ ಪ್ರೋಬಯಾಟಿಕ್‌ಗಳನ್ನೇ ಕೊಟ್ಟರು. ಹೋಲಿಕೆಗಾಗಿ ಔಷಧಿಯಿಲ್ಲದ ಸುಳ್ಳು ಪುಡಿ ಕೊಟ್ಟ ಮಕ್ಕಳಿಗಿಂತ ಇವರು ಬೇಗ ಗುಣವಾಗಲಿಲ್ಲ. ಅಂಥ ಹೊತ್ತಿನಲ್ಲಿ ಮಗುವನ್ನು ಉಳಿಸುವುದು ಓಆರ್‌ಎಸ್. ಜೊತೆಗೆ 10ರಿಂದ 14 ದಿನ ಜಿಂಕ್ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ಒಂದು ಕ್ಷಣವೂ ಕಾಯದೆ ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು ಮಾತು ನನ್ನನ್ನು ತುಂಬಾ ಚಿಂತೆಗೀಡು ಮಾಡಿದೆ. ಮಗು ಹಟ ಮಾಡುತ್ತದೆ, ಮಾತು ತಡವಾಗಿದೆ, ಹೊಟ್ಟೆ ಉಬ್ಬರ ಇದೆ ಅಂದರೆ ಸಾಕು, ‘ಕರುಳಲ್ಲಿ ಯೀಸ್ಟ್ ಜಾಸ್ತಿಯಾಗಿದೆ’ ಎಂದು ಫಂಗಸ್ ಔಷಧಿ ಶುರುಮಾಡಿಸುವವರಿದ್ದಾರೆ. ಕ್ಯಾಂಡಿಡಾ ಎಂಬ ಯೀಸ್ಟ್ ಆರೋಗ್ಯವಂತರ ಕರುಳಲ್ಲೂ ಇರುತ್ತದೆ. ಮಲಪರೀಕ್ಷೆಯಲ್ಲಿ ಅದು ಕಂಡಿತು ಅಂದರೆ ಕಾಯಿಲೆ ಅಂತಲ್ಲ. ಹಸುಗೂಸಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಕಟ್ಟಿದರೆ ಅದು ಬೇರೆ ಮಾತು. ಅದಕ್ಕೆ ನಿಸ್ಟಾಟಿನ್‌ನಂಥ ಔಷಧಿ ನಿಜವಾಗಿ ಬೇಕಾಗುತ್ತದೆ. ಸುಮ್ನೆ ಅನುಮಾನದ ಮೇಲೆ ತಿಂಗಳುಗಟ್ಟಲೆ ಕೊಡುವುದು ಬೇಡ, ದಯವಿಟ್ಟು.

[ದೃಶ್ಯ: ಆಸ್ಪತ್ರೆಯ ಹಾಸಿಗೆ, ಡ್ರಿಪ್]

ದಿನ ತುಂಬದೆ ಹುಟ್ಟಿದ ಮಕ್ಕಳಿಗೆ, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೆ ಯಾವ ಪ್ರೋಬಯಾಟಿಕ್ಕನ್ನೂ ನೀವೇ ಕೊಡಬೇಡಿ. ಕುತ್ತಿಗೆ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿರುವ ಮಕ್ಕಳಲ್ಲಿ ಸ್ಯಾಶೆಯ ಯೀಸ್ಟ್ ರಕ್ತಕ್ಕೇ ಸೇರಿದ ಉದಾಹರಣೆಗಳಿವೆ. ಪುಡಿ ಗಾಳಿಯಲ್ಲಿ ಹಾರುತ್ತದೆ, ಕೈಗೆ ಅಂಟುತ್ತದೆ. ಪಕ್ಕದ ಹಾಸಿಗೆಯ ಮಗುವಿಗೆ ಅಂಥ ನಳಿಕೆ ಇದ್ದರೆ, ನಿಮ್ಮ ಮಗುವಿನ ಸ್ಯಾಶೆಯನ್ನು ಆ ಕೋಣೆಯಲ್ಲಿ ಬಿಚ್ಚಲೇಬೇಡಿ.