ಕಲ್ಲಿಗೆ ಪಣ, ಮೊಳೆಗೆ ಅಡ್ವಾನ್ಸ್: ರಾಯಚೂರು ಕೋಟೆಯಲ್ಲಿ ಒಂದು ಸುತ್ತು

ಬೆಳಿಗ್ಗೆನೇ ಬಂದಿದ್ದೇನೆ, ಆದರೂ ಬಿಸಿಲು ನೋಡಿ. ಇದು ರಾಯಚೂರು ಕೋಟೆ. ಈ ಉದುರಿದ ಗಾರೆ, ಸಂದಿಯಲ್ಲಿ ಬೆಳೆದ ಗಿಡ ಎಲ್ಲಾ ಸೇರಿಸಿ ಇಂಗ್ಲಿಷಿನವರು ಡಿಲ್ಯಾಪಿಡೇಟೆಡ್ ಅಂತಾರೆ. ಸರಿಯಾದ ಪದ. ಲ್ಯಾಟಿನ್ನಿನ ಲಾಪಿಸ್, ಅಂದರೆ ಕಲ್ಲು, ಅದರ ಹೊಟ್ಟೆಯಲ್ಲೇ ಇದೆ. ಕಲ್ಲು ತೂರಿದ ಹಾಗೆ ಚೆಲ್ಲಾಡುವುದು ಅಂತ ಮೂಲ. ತಮಾಷೆ ಏನಪ್ಪಾ ಅಂದರೆ, ರೋಮನ್ನರು ಅದನ್ನು ದುಡ್ಡು ಉಡಾಯಿಸುವುದಕ್ಕೆ ಹೇಳುತ್ತಿದ್ದರು.

ಇಂಗ್ಲೆಂಡಿನಲ್ಲಿ ಪಾದ್ರಿಗಳು ಚರ್ಚಿನ ಮನೆ ಹಾಳುಗೆಡವಿದರೂ ಇದೇ ಪದ. ಈಗಲೂ ಬಾಡಿಗೆ ಕಟ್ಟಡ ಬಿಡುವಾಗ ರಿಪೇರಿಗೆ ಅಂತ ವಸೂಲಿ ಮಾಡುವುದಕ್ಕೆ ಡಿಲ್ಯಾಪಿಡೇಷನ್ಸ್ ಅಂತಾರೆ.

ವಸೂಲಿ ಅಂದಾಗ ನೆನಪಾಯಿತು. ಹಳೆ ಮನೆ ಖಾಲಿ ಮಾಡಿದೆವಲ್ಲ, ಮಾಲೀಕರು ಅಡ್ವಾನ್ಸಿನಲ್ಲಿ 12,000 ರೂಪಾಯಿ ಹಿಡಿದುಕೊಂಡರು. ಯಾಕೆ? "ಗೋಡೆಗೆ ಮೊಳೆ ಹೊಡದೀರಿ ತಮ್ಮಾ, ಪೇಂಟ್ ಮಾಡಿಸಬೇಕಲ್ಲ." ಆ ಮೊಳೆ ನಾವು ಬರುವ ಮುಂಚೆಯೇ ಇತ್ತು! ಅದಕ್ಕೆ ಅವರದೇ ಹಳೆ ಕ್ಯಾಲೆಂಡರ್ ನೇತಾಡುತ್ತಿತ್ತು. ಮಳೆ ಬಂದರೆ ಸೋರುತ್ತಿದ್ದದ್ದು ಅವರ ಮಾಳಿಗೆ, ಬಕೆಟ್ ಇಟ್ಟದ್ದು ನಾವು. ಆ ಲೆಕ್ಕ ಯಾರು ಕೊಡಬೇಕು? ಹೋಗಲಿ, ಪೇಂಟ್ ಆದರೂ ಮಾಡಿಸಿದರಾ? ಇಲ್ಲ. ಈಗ ಇರುವವರ ಕ್ಯಾಲೆಂಡರೂ ಅದೇ ಮೊಳೆಗೆ ಇದೆಯಂತೆ.

ಅಯ್ಯೋ, ಕಲ್ಲು ಬಂತು. ಇದೇ ನೋಡಿ, 41 ಅಡಿಗೂ ಜಾಸ್ತಿ ಉದ್ದ, ಒಂದೇ ಕಲ್ಲು! ಮೇಲೆ 1294ರ ತೆಲುಗು ಶಾಸನ, ಕಾಕತೀಯರ ಕಾಲದ್ದು. ಈ ಒಳಗೋಡೆಗೆ ಗಾರೆಯೇ ಇಲ್ಲ, ಬರೀ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ಇದನ್ನು ಡಿಲ್ಯಾಪಿಡೇಟೆಡ್ ಅನ್ನುವುದಕ್ಕೆ ನನಗಂತೂ ಬಾಯಿ ಬರಲ್ಲ.

ಕಿತ್ತವರೂ ಇದ್ದಾರೆ ಬಿಡಿ. 1520ರಲ್ಲಿ ಕೃಷ್ಣದೇವರಾಯನ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿತಲ್ಲ, ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಸೇನಾ ನಾಯಕರು ದುಡ್ಡು ಕೊಡುತ್ತಿದ್ದರಂತೆ. ಗಾತ್ರ ನೋಡಿ 10ರಿಂದ 50 ಪಣ, ಅಂದರೆ ಆಗಿನ ನಾಣ್ಯ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಕಲ್ಲೂ ಚೆಲ್ಲಾಡಿತು, ದುಡ್ಡೂ ಚೆಲ್ಲಾಡಿತು. ನಮ್ಮ ಮಾಲೀಕರು ಅಲ್ಲಿದ್ದಿದ್ದರೆ ಆ ಪಣದಲ್ಲೂ ಪೇಂಟಿಗೆ ಅಂತ ಹಿಡಿದುಕೊಳ್ಳುತ್ತಿದ್ದರು.

ಸರಿ, ಬ್ಯಾಟರಿ ಕೆಂಪು ತೋರಿಸುತ್ತಿದೆ. ನೌರಂಗಿ ದರ್ವಾಜಾ ಇನ್ನೂ ಬಾಕಿ, ಬೇಗ ಬನ್ನಿ.